ಸರ್ವರ್ ಹೊಸದು, ಫೋನಿನೊಳಗಿನ ಆ್ಯಪ್ ಹಳೆಯದು: ಎಪಿಐ ಬದಲಾದ ಮೇಲೆ ಕೈಕೊಡುವ ವೆಬ್ ಆ್ಯಪ್‌ನ ದೋಷ ಪತ್ತೆ

ಎಪಿಐ (ಆ್ಯಪ್ ಸರ್ವರ್ ಜೊತೆ ಡೇಟಾ ಕೊಟ್ಟು ತೆಗೆದುಕೊಳ್ಳುವ ದಾರಿ) ಬದಲಾಯಿಸಿದ ಮರುದಿನ ಬೆಳಗ್ಗೆ ಬರುವ ಫೋನ್‌ಗಳು ಹೆಚ್ಚುಕಡಿಮೆ ಮೂರೇ ಬಗೆಯವು.

"ಸರ, ನಿನ್ನಿಯಿಂದ ಸ್ಟಾಕ್ ಬರವಲ್ದ್ರೀ."

"ಬಾಜೂಕಿನವರ ಫೋನ್‌ನ್ಯಾಗ ಬರಾಕತ್ತೈತಿ, ನಂದ್ರಾಗ ಬರೇ ಬಿಳಿ ಪರದೆ."

"ನಂದು 45 ಕ್ವಿಂಟಲ್ ಮಾಲು ಐತ್ರೀ, 4500 ಕ್ವಿಂಟಲ್ ಅಂತ ತೋರಸಾಕತ್ತೈತಿ!"

ಇತ್ತ ನಮ್ಮ ಲ್ಯಾಪ್‌ಟಾಪ್‌ನಲ್ಲಿ ಎಲ್ಲವೂ ಸರಿ ಇರುತ್ತದೆ. ಸರ್ವರ್ ಲಾಗ್‌ನಲ್ಲೂ ಕೆಂಪು ಗೆರೆ ಇರುವುದಿಲ್ಲ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ಒಂದು ಕೋಲ್ಡ್ ಸ್ಟೋರೇಜ್‌ಗೆ ಮಾಡಿಕೊಟ್ಟ ವೆಬ್ ಆ್ಯಪ್. ರೈತರು ತಂದ ಒಣದ್ರಾಕ್ಷಿ ಬಾಕ್ಸ್‌ಗಳನ್ನು ಗೇಟಿನ ಗುಮಾಸ್ತರು ಫೋನಿನಲ್ಲೇ ನಮೂದಿಸುತ್ತಾರೆ. ರೈತರು ತಮ್ಮ ಸ್ಟಾಕ್ ಎಷ್ಟಿದೆ ಅಂತ ಮನೆಯಿಂದಲೇ ನೋಡುತ್ತಾರೆ. ಚಳಿ ಹೊರಹೋಗದ ಹಾಗೆ ಕಟ್ಟಿದ ದಪ್ಪ ಗೋಡೆಗಳ ಒಳಗೆ ಸಿಗ್ನಲ್ ಬರುವುದಿಲ್ಲ. ಹಾಗಾಗಿ ಸರ್ವಿಸ್ ವರ್ಕರ್ (ಬ್ರೌಸರ್‌ನಲ್ಲಿ ಪುಟದ ಹಿಂದೆ ಕೂತು, ಫೋನಿನಲ್ಲೇ ಇಟ್ಟುಕೊಂಡ ಫೈಲ್‌ಗಳನ್ನು ಕೊಡುವ ಸ್ಕ್ರಿಪ್ಟ್) ಹಾಕಿ, ನೆಟ್ ಇಲ್ಲದಿದ್ದರೂ ಆ್ಯಪ್ ತೆರೆಯುವಂತೆ ಮಾಡಬೇಕಾಗುತ್ತದೆ. ತೊಂದರೆಯೂ ಅಲ್ಲಿಂದಲೇ ಶುರು. ಸರ್ವರ್‌ನಲ್ಲಿ ನೀವು ಇಟ್ಟಿರುವ ಕೋಡ್ ಒಂದು, ಜನರ ಫೋನಿನಲ್ಲಿ ಓಡುತ್ತಿರುವ ಕೋಡ್ ಇನ್ನೊಂದು.

ಮೊದಲು: ಏನನ್ನೂ ಅಳಿಸಬೇಡಿ

"ಕ್ಲಿಯರ್ ಡೇಟಾ ಮಾಡಿ, ಸರಿ ಹೋಗುತ್ತೆ" ಅಂತ ಹೇಳುವುದು ನಮಗೆಲ್ಲ ಬಾಯಿಪಾಠ. ಇಂಥ ಆ್ಯಪ್‌ನಲ್ಲಿ ಅದಕ್ಕಿಂತ ಕೆಟ್ಟ ಸಲಹೆ ಇಲ್ಲ. ಸೈಟ್ ಡೇಟಾ ಅಳಿಸಿದರೆ ಹೋಗುವುದು ಕ್ಯಾಶ್ (ಮತ್ತೆ ಬಳಸಲು ಇಟ್ಟುಕೊಂಡ ಪ್ರತಿಗಳು) ಒಂದೇ ಅಲ್ಲ, ಇಂಡೆಕ್ಸೆಡ್‌ಡಿಬಿಯೂ (ಬ್ರೌಸರ್‌ನೊಳಗಿನ ಡೇಟಾಬೇಸ್) ಹೋಗುತ್ತದೆ. ಗುಮಾಸ್ತರು ಒಳಗೆ ನಿಂತು ನಮೂದಿಸಿದ, ಇನ್ನೂ ಸರ್ವರ್‌ಗೆ ಹೋಗದ ತೂಕದ ಚೀಟಿಗಳು ಇರುವುದು ಅಲ್ಲೇ. ಅವು ಹೋದರೆ ಮತ್ತೆ ಬರುವುದಿಲ್ಲ. ಜೊತೆಗೆ ದೋಷದ ಸುಳಿವೂ ಅಳಿಸಿಹೋಗುತ್ತದೆ. ಸರಿಯಾಯಿತು ಅಂತ ಅನಿಸುತ್ತದೆ, ಆದರೆ ಏನಾಗಿತ್ತು ಅನ್ನುವುದು ಗೊತ್ತೇ ಆಗುವುದಿಲ್ಲ. ಮುಂದಿನ ಬದಲಾವಣೆಗೆ ಅದೇ ಫೋನ್ ಕರೆ ಮತ್ತೆ ಬರುತ್ತದೆ.

ಅದರ ಬದಲು ಮೂರು ವಿಷಯ ಕೇಳಿಕೊಳ್ಳಿ. ಆ್ಯಪ್‌ನ ಮೂಲೆಯಲ್ಲಿ ಕಾಣುವ ಆವೃತ್ತಿ ಸಂಖ್ಯೆ ಎಷ್ಟು? "ಕಳಿಸಬೇಕಾದವು" ಪಟ್ಟಿಯಲ್ಲಿ ಎಷ್ಟು ಚೀಟಿ ಉಳಿದಿವೆ? ತಪ್ಪು ಕಾಣುವ ಪರದೆಯ ಒಂದು ಸ್ಕ್ರೀನ್‌ಶಾಟ್ ಕಳಿಸಲು ಆಗುತ್ತದೆಯಾ? ಆವೃತ್ತಿ ಸಂಖ್ಯೆ ತೋರಿಸುವ ವ್ಯವಸ್ಥೆಯನ್ನೇ ನೀವು ಮಾಡಿಲ್ಲ ಅಂದರೆ, ಈ ಸಲದ ದುರಸ್ತಿಯಲ್ಲಿ ಮೊದಲು ಸೇರಿಸಬೇಕಾದ ಸಾಲು ಅದೇ.

ಉತ್ತರ ಕೊಟ್ಟಿದ್ದು ಯಾರು?

ಪರದೆಯ ಮೇಲೆ ಕಾಣುವ ಒಂದು ಅಂಕಿ ನಾಲ್ಕು ಕಡೆಯಿಂದ ಬಂದಿರಬಹುದು: ಸರ್ವಿಸ್ ವರ್ಕರ್‌ನ ಕ್ಯಾಶ್, ಬ್ರೌಸರ್‌ನ ಮಾಮೂಲಿ ಎಚ್‌ಟಿಟಿಪಿ ಕ್ಯಾಶ್, ನಡುವಿನ ಸಿಡಿಎನ್ (ಪ್ರತಿ ಇಟ್ಟುಕೊಂಡು ಹಂಚುವ ಸರ್ವರ್‌ಗಳ ಜಾಲ), ಇಲ್ಲವೇ ಸರ್ವರ್. ಇದು ಗೊತ್ತಾಗುವ ತನಕ ಕೋಡ್ ಮುಟ್ಟಬೇಡಿ.

ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಜೋಡಿಸಿ, ಕ್ರೋಮ್‌ನ ಇನ್‌ಸ್ಪೆಕ್ಟ್ ಪುಟದಿಂದ ಆ ಆ್ಯಪ್ ತೆರೆಯಿರಿ. ಫೋನಿನಲ್ಲಿ ಡೆವಲಪರ್ ಆಯ್ಕೆ, ಯುಎಸ್‌ಬಿ ಡೀಬಗ್ಗಿಂಗ್ ಎರಡೂ ಆನ್ ಆಗಿರಬೇಕು. ಅಲ್ಲಿ ತೆರೆಯುವ ಡೆವ್‌ಟೂಲ್ಸ್‌ನ (ಡೆವಲಪರ್ ಸಾಧನಗಳ) ನೆಟ್‌ವರ್ಕ್ ಟ್ಯಾಬ್‌ನಲ್ಲಿ 'ಸೈಜ್' ಅನ್ನುವ ಕಾಲಂ ನೋಡಿ. ಅಲ್ಲಿ ಸರ್ವಿಸ್ ವರ್ಕರ್ ಅಂತ ಇದ್ದರೆ ಉತ್ತರ ವರ್ಕರ್ ಕೈದಾಟಿ ಬಂದಿದೆ. ಡಿಸ್ಕ್ ಕ್ಯಾಶ್ ಅಂತ ಇದ್ದರೆ ಬ್ರೌಸರ್ ತನ್ನ ಗಂಟಿನಿಂದಲೇ ಕೊಟ್ಟಿದೆ. ಬೈಟ್‌ಗಳ ಲೆಕ್ಕ ಇದ್ದರೆ ನೆಟ್‌ನಿಂದ ಬಂದಿದೆ. ಆದರೆ ಆಗಲೂ 'ಏಜ್' ಹೆಡರ್ (ಉತ್ತರದ ಜೊತೆ ಬರುವ ವಿವರದ ಸಾಲು) ನೋಡಿ. ಅದರಲ್ಲಿ ಸೊನ್ನೆಗಿಂತ ಜಾಸ್ತಿ ಸೆಕೆಂಡ್ ಇದ್ದರೆ ಉತ್ತರ ನಡುದಾರಿಯ ಕ್ಯಾಶ್‌ನಿಂದ ಬಂದಿದೆ, ನಿಮ್ಮ ಸರ್ವರ್‌ವರೆಗೆ ಹೋಗಿಯೇ ಇಲ್ಲ.

ಒಂದು ಎಚ್ಚರಿಕೆ. ಶಿಫ್ಟ್ ಒತ್ತಿ ರಿಲೋಡ್ ಮಾಡಿದರೆ ಆ ಪುಟ ಸರ್ವಿಸ್ ವರ್ಕರ್ ಅನ್ನು ಪೂರ್ತಿ ಬದಿಗಿಟ್ಟು ತೆರೆಯುತ್ತದೆ. ಇನ್‌ಕಾಗ್ನಿಟೊ ಕಿಟಕಿಯಲ್ಲಿ ಹಳೆ ವರ್ಕರ್ ಇರುವುದೇ ಇಲ್ಲ. "ನನ್ನ ಹತ್ತಿರ ಸರಿ ಬರ್ತಿದೆಯಲ್ಲ" ಅನ್ನುವ ಮಾತು ಹುಟ್ಟುವುದು ಇಲ್ಲೇ. ಡೆವ್‌ಟೂಲ್ಸ್‌ನಲ್ಲಿ 'ಅಪ್‌ಡೇಟ್ ಆನ್ ರಿಲೋಡ್' ಅಥವಾ 'ಬೈಪಾಸ್ ಫಾರ್ ನೆಟ್‌ವರ್ಕ್' ಟಿಕ್ ಆಗಿದ್ದರೂ ಅಷ್ಟೇ. ಅವನ್ನು ತೆಗೆದು, ಸುಮ್ನೆ ಸಾಮಾನ್ಯ ಬಳಕೆದಾರರಂತೆ ತೆರೆದು ನೋಡಿ.

ಹೊಸ ವರ್ಕರ್ ಬಂದಿದೆ, ಕೆಲಸಕ್ಕೆ ಕೂತಿಲ್ಲ

ಅಪ್ಲಿಕೇಶನ್ ಟ್ಯಾಬ್‌ನಲ್ಲಿ ಸರ್ವಿಸ್ ವರ್ಕರ್ಸ್ ತೆರೆಯಿರಿ. ಅಲ್ಲಿ ಎರಡು ಸಾಲು ಕಂಡು, ಎರಡನೆಯದರ ಮುಂದೆ 'ವೇಟಿಂಗ್ ಟು ಆ್ಯಕ್ಟಿವೇಟ್' ಅಂತ ಇದ್ದರೆ ರೋಗ ಸಿಕ್ಕಿತು. ಹೊಸ ಮೇಷ್ಟ್ರು ಬಾಗಿಲಲ್ಲಿ ಬಂದು ನಿಂತಿದ್ದಾರೆ, ಹಳೆ ಮೇಷ್ಟ್ರು ಕ್ಲಾಸ್ ಬಿಟ್ಟು ಎದ್ದಿಲ್ಲ.

ಇದು ದೋಷವಲ್ಲ, ಬ್ರೌಸರ್‌ನ ನಿಯಮ. ಹಳೆ ವರ್ಕರ್‌ನ ಕೈಕೆಳಗಿರುವ ಎಲ್ಲ ಟ್ಯಾಬ್‌ಗಳೂ ಮುಚ್ಚುವ ತನಕ ಹೊಸದು ಕಾಯುತ್ತದೆ. ಒಂದೇ ಟ್ಯಾಬ್ ಇದ್ದು ರಿಲೋಡ್ ಮಾಡಿದರೂ ಸಾಲದು. ಯಾಕೆಂದರೆ ಹೊಸ ಪುಟದ ಉತ್ತರ ಬರಲು ಶುರುವಾಗುವ ತನಕ ಹಳೆ ಪುಟ ಜೀವಂತ ಇರುತ್ತದೆ. ಗೇಟಿನ ಗುಮಾಸ್ತರು ಬೆಳಗ್ಗೆ ಆ್ಯಪ್ ತೆರೆದರೆ ಸಂಜೆಯವರೆಗೆ ಮುಚ್ಚುವುದಿಲ್ಲ. ರಾತ್ರಿಯೂ ಮುಚ್ಚುವುದಿಲ್ಲ, ಪರದೆ ಆರಿಸಿ ಜೇಬಿಗೆ ಹಾಕುತ್ತಾರೆ. ಹೊಸ ವರ್ಕರ್ ವಾರಗಟ್ಟಲೆ ಬಾಗಿಲಲ್ಲೇ ಇರಬಹುದು.

ಇದಕ್ಕೂ ಹಿಂದಿನ ಹಂತ ಇನ್ನೊಂದಿದೆ. ಎರಡನೇ ಸಾಲೇ ಕಾಣದಿದ್ದರೆ, ಹೊಸ ವರ್ಕರ್ ಬಂದಿದೆ ಅನ್ನುವುದೇ ಬ್ರೌಸರ್‌ಗೆ ಗೊತ್ತಾಗಿಲ್ಲ. ವರ್ಕರ್ ಫೈಲ್ ಬದಲಾಗಿದೆಯಾ ಅಂತ ಬ್ರೌಸರ್ ನೋಡುವುದು ಮುಖ್ಯವಾಗಿ ಪುಟಕ್ಕೆ ಹೊಸದಾಗಿ ಬಂದಾಗ. ಪುಶ್, ಸಿಂಕ್‌ನಂಥವು ಬಂದಾಗಲೂ ನೋಡುತ್ತದೆ, ಆದರೆ ಹಿಂದಿನ 24 ಗಂಟೆಯಲ್ಲಿ ನೋಡಿಲ್ಲದಿದ್ದರೆ ಮಾತ್ರ. ಒಂದೇ ಪುಟದ ಆ್ಯಪ್‌ನಲ್ಲಿ ಒಳಗೊಳಗೇ ಪರದೆ ಬದಲಾಗುತ್ತದೆ, ನಿಜವಾಗಿ ಪುಟ ಬದಲಾಗುವುದಿಲ್ಲ. ಹಾಗಾಗಿ ಪರಿಶೀಲನೆಯೇ ನಡೆಯುವುದಿಲ್ಲ. ಆ್ಯಪ್ ಮತ್ತೆ ಮುಂದೆ ಬಂದಾಗಲೆಲ್ಲ ರಿಜಿಸ್ಟ್ರೇಶನ್‌ನ ಅಪ್‌ಡೇಟ್ ಫಂಕ್ಷನ್ ಅನ್ನು ನೀವೇ ಕರೆಯಬೇಕು.

ಹಾಗಾದರೆ ಸ್ಕಿಪ್‌ವೇಟಿಂಗ್ (ಕಾಯದೆ ತಕ್ಷಣ ಕೆಲಸಕ್ಕೆ ಕೂರು ಅನ್ನುವ ಆಜ್ಞೆ) ಹಾಕಿಬಿಟ್ಟರೆ ಮುಗೀತಲ್ವಾ? ಬಹಳ ಜನ ಅದನ್ನೇ ಮಾಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ, ಕನಿಷ್ಠ ನಮೂದು ನಡೆಯುವ ಆ್ಯಪ್‌ಗಳಲ್ಲಿ. ಗುಮಾಸ್ತರು ಅರ್ಧ ಚೀಟಿ ತುಂಬಿದ್ದಾರೆ, ಪುಟದಲ್ಲಿ ಹಳೆ ಕೋಡ್ ಓಡುತ್ತಿದೆ. ಆಗ ಹಿಂದಿನಿಂದ ಹೊಸ ವರ್ಕರ್ ಬಂದು ಕೂತು, ಹಳೆ ಕ್ಯಾಶ್ ಅಳಿಸಿಬಿಟ್ಟರೆ? ಆ ಪುಟ ಮುಂದೆ ಕೇಳುವ ಹಳೆ ಹೆಸರಿನ ಜಾವಾಸ್ಕ್ರಿಪ್ಟ್ ತುಂಡು ಎಲ್ಲೂ ಸಿಗುವುದಿಲ್ಲ. ಬಿಳಿ ಪರದೆ. "ಹೊಸ ಆವೃತ್ತಿ ಬಂದಿದೆ, ಈಗ ಬದಲಾಯಿಸಲಾ?" ಅಂತ ಒಂದು ಪಟ್ಟಿ ತೋರಿಸಿ. ಅವರು ಒತ್ತಿದಾಗ ವರ್ಕರ್‌ಗೆ ಸಂದೇಶ ಕಳಿಸಿ ಸ್ಕಿಪ್‌ವೇಟಿಂಗ್ ಕರೆಸಿ. ಪುಟದಲ್ಲಿ ಕಂಟ್ರೋಲರ್ (ಪುಟವನ್ನು ನಡೆಸುವ ವರ್ಕರ್) ಬದಲಾದ ಸೂಚನೆ ಬಂದಾಗ ಒಮ್ಮೆ ಮಾತ್ರ ರಿಲೋಡ್ ಮಾಡಿ. 'ಒಮ್ಮೆ ಮಾತ್ರ' ಅನ್ನುವುದಕ್ಕೆ ಒಂದು ಗುರುತು ಇಟ್ಟುಕೊಳ್ಳದಿದ್ದರೆ ಕೆಲವು ಫೋನ್‌ಗಳಲ್ಲಿ ಆ್ಯಪ್ ಸುತ್ತಿ ಸುತ್ತಿ ರಿಲೋಡ್ ಆಗುತ್ತಲೇ ಇರುತ್ತದೆ. ಚೀಟಿ ಅರ್ಧದಲ್ಲಿದ್ದರೆ ಆ ಪಟ್ಟಿ ತೋರಿಸುವುದೇ ಬೇಡ.

ಹೊಸ ವರ್ಕರ್ ಬರಲಿಕ್ಕೇ ಆಗುತ್ತಿಲ್ಲ

ಇದು ಅಪರೂಪ, ಆದರೆ ಸಿಕ್ಕಿದರೆ ತಲೆ ಕೆಡಿಸುತ್ತದೆ. ಇನ್‌ಸ್ಟಾಲ್ ಹಂತದಲ್ಲಿ ಆ್ಯಡ್‌ಆಲ್ (ಪಟ್ಟಿಯ ಫೈಲ್‌ಗಳನ್ನೆಲ್ಲ ಒಟ್ಟಿಗೆ ಕ್ಯಾಶ್‌ಗೆ ತುಂಬುವ ಫಂಕ್ಷನ್) ಬಳಸಿದ್ದರೆ, ಪಟ್ಟಿಯಲ್ಲಿರುವ ಒಂದೇ ಒಂದು ಫೈಲ್ 404 (ಸಿಗಲಿಲ್ಲ) ಕೊಟ್ಟರೂ ಇಡೀ ಇನ್‌ಸ್ಟಾಲ್ ಬಿದ್ದುಹೋಗುತ್ತದೆ. ಯಾರೋ ಲೋಗೋ ಚಿತ್ರದ ಹೆಸರು ಬದಲಾಯಿಸಿರುತ್ತಾರೆ, ಅಷ್ಟೇ. ಹಳೆ ವರ್ಕರ್ ಏನೂ ಆಗಿಲ್ಲವೆಂಬಂತೆ ಮುಂದುವರಿಯುತ್ತದೆ. ಬಳಕೆದಾರರಿಗೆ ಯಾವ ಸೂಚನೆಯೂ ಸಿಗುವುದಿಲ್ಲ. ವರ್ಕರ್ ಫೈಲ್‌ಗೆ ರೀಡೈರೆಕ್ಟ್ ಹಾಕಿದ್ದರೂ ಅಪ್‌ಡೇಟ್ ಬೀಳುತ್ತದೆ. ಜಾವಾಸ್ಕ್ರಿಪ್ಟ್ ಬದಲು ಎಚ್‌ಟಿಎಂಎಲ್ ಬಂದರೂ ಅದೇ ಕತೆ. ಆಫೀಸಿನ ವೈಫೈ ಲಾಗಿನ್ ಪುಟ ನಡುವೆ ನುಗ್ಗಿದಾಗ ಹೀಗಾಗುತ್ತದೆ. ವರ್ಕರ್ ಫೈಲ್‌ನ ವಿಳಾಸವನ್ನಂತೂ ಯಾವತ್ತೂ ಬದಲಾಯಿಸಬೇಡಿ. ಹಳೆ ಪುಟ ಕ್ಯಾಶ್‌ನಲ್ಲಿ ಕೂತು ಹಳೆ ವಿಳಾಸವನ್ನೇ ಕೇಳುತ್ತಿರುತ್ತದೆ.

ಹೊಸ ಕ್ಯಾಶ್‌ಗೆ ಹಳೆ ಫೈಲ್ ಸೇರುವ ಚಮತ್ಕಾರವೂ ಉಂಟು. ಆ್ಯಡ್‌ಆಲ್ ತರಿಸುವ ಫೈಲ್‌ಗಳು ಬ್ರೌಸರ್‌ನ ಎಚ್‌ಟಿಟಿಪಿ ಕ್ಯಾಶ್ ಮೂಲಕವೇ ಬರುತ್ತವೆ. ಇಂಡೆಕ್ಸ್ ಪುಟಕ್ಕೆ (ಆ್ಯಪ್‌ನ ಮೊದಲ ಪುಟಕ್ಕೆ) ನೀವು ಕ್ಯಾಶ್-ಕಂಟ್ರೋಲ್ ಹೆಡರ್ ಕೊಟ್ಟಿಲ್ಲದಿದ್ದರೆ, ಅದು ಎಷ್ಟು ದಿನ ತಾಜಾ ಅಂತ ಬ್ರೌಸರ್ ತಾನೇ ಅಂದಾಜು ಮಾಡುತ್ತದೆ. ರೂಢಿಯ ಲೆಕ್ಕ, ಕೊನೆಯ ಸಲ ಬದಲಾಗಿ ಎಷ್ಟು ಕಾಲವಾಗಿತ್ತೋ ಅದರ ಶೇ. 10. ನೂರು ದಿನ ಮುಟ್ಟದ ಪುಟಕ್ಕೆ ಹತ್ತು ದಿನ. ಹೀಗೆ ಹೊಸ ವರ್ಕರ್ ಕೈಯಲ್ಲಿ ಹಳೆ ಇಂಡೆಕ್ಸ್ ಪುಟ ಸಿಕ್ಕಿಬಿಡುತ್ತದೆ. ಇನ್‌ಸ್ಟಾಲ್‌ನ ಕೋರಿಕೆಗಳಿಗೆ ಕ್ಯಾಶ್ ವಿಧಾನವನ್ನು 'ರಿಲೋಡ್' ಅಂತ ಇಡಿ. ಇಂಡೆಕ್ಸ್ ಪುಟಕ್ಕೂ ವರ್ಕರ್ ಫೈಲ್‌ಗೂ 'ನೋ-ಕ್ಯಾಶ್' ಹೆಡರ್ ಕೊಡಿ. ನೋ-ಕ್ಯಾಶ್ ಅಂದರೆ ಇಟ್ಟುಕೊಳ್ಳಬೇಡ ಅಂತಲ್ಲ, ಪ್ರತಿ ಸಲ ಸರ್ವರ್‌ನ್ನು ಕೇಳಿ ಬಳಸು ಅಂತ. ಇಟ್ಟುಕೊಳ್ಳಲೇಬೇಡ ಅನ್ನುವುದಕ್ಕೆ 'ನೋ-ಸ್ಟೋರ್' ಬೇರೆ ಇದೆ.

ಹಾಗೆಯೇ ಹಳೆ ಕ್ಯಾಶ್ ಅಳಿಸದೆ ಉಳಿದಿದ್ದರೆ, ಯಾವ ಕ್ಯಾಶ್ ಅಂತ ಹೆಸರು ಹೇಳದೆ ಹುಡುಕುವ ಕೋಡ್ ಮೊದಲು ಹುಟ್ಟಿದ ಕ್ಯಾಶ್‌ನಿಂದ ಹುಡುಕಲು ಶುರು ಮಾಡುತ್ತದೆ. ಅಂದರೆ ಹಳೆಯದೇ ಗೆಲ್ಲುತ್ತದೆ.

"ಅನ್‌ಎಕ್ಸ್‌ಪೆಕ್ಟೆಡ್ ಟೋಕನ್" ಆದ ಮೇಲೆ ಎಡ ಬಾಣದ ಗುರುತು

ಕನ್ಸೋಲ್‌ನಲ್ಲಿ ಈ ಸಾಲು ಕಂಡರೆ, ಜಾವಾಸ್ಕ್ರಿಪ್ಟ್ ಅಥವಾ ಜೇಸನ್ (ಎಪಿಐ ಡೇಟಾ ಕಳಿಸುವ ರೂಪ) ಬರಬೇಕಾದ ಕಡೆ ಎಚ್‌ಟಿಎಂಎಲ್ ಬಂದಿದೆ. ಆ ಬಾಣ ಎಚ್‌ಟಿಎಂಎಲ್‌ನ ಮೊದಲ ಅಕ್ಷರ. ಹಳೆ ಇಂಡೆಕ್ಸ್ ಪುಟ ಹಳೆ ಹೆಸರಿನ ಫೈಲ್ ಕೇಳಿದೆ. ಹೊಸ ಡಿಪ್ಲಾಯ್‌ನಲ್ಲಿ (ಸರ್ವರ್‌ಗೆ ಏರಿಸಿದ ಹೊಸ ಕಂತಿನಲ್ಲಿ) ಅದು ಇಲ್ಲ. 'ಸಿಗದಿದ್ದರೆ ಇಂಡೆಕ್ಸ್ ಪುಟ ಕೊಡು' ಅನ್ನುವ ಸರ್ವರ್ ನಿಯಮ 404 ಹೇಳುವ ಬದಲು 200 (ಎಲ್ಲ ಸರಿ) ಅಂತ ಹೇಳಿ ಎಚ್‌ಟಿಎಂಎಲ್ ಕೊಟ್ಟಿದೆ. ವರ್ಕರ್ ಅದನ್ನು ನಂಬಿ ಜಾವಾಸ್ಕ್ರಿಪ್ಟ್ ಹೆಸರಿನಲ್ಲೇ ಕ್ಯಾಶ್‌ಗೆ ಹಾಕಿಕೊಂಡರೆ ಆ ಫೋನ್ ಕೆಟ್ಟೇ ಇರುತ್ತದೆ. ನೆಟ್‌ವರ್ಕ್ ಟ್ಯಾಬ್‌ನಲ್ಲಿ ಆ ಫೈಲ್ ಮೇಲೆ ಒತ್ತಿ, ಕಂಟೆಂಟ್-ಟೈಪ್ ನೋಡಿದರೆ ತಕ್ಷಣ ಗೊತ್ತಾಗುತ್ತದೆ.

ದುರಸ್ತಿ ಸರ್ವರ್ ಕಡೆಯೇ ಆಗಬೇಕು. ಹಿಂದಿನ ಕೆಲವು ಡಿಪ್ಲಾಯ್‌ಗಳ ಫೈಲ್‌ಗಳನ್ನು ಅಳಿಸದೆ ಇಡಿ, ಡಿಸ್ಕ್ ಏನೂ ತುಂಬಿಹೋಗುವುದಿಲ್ಲ. ಇಂಡೆಕ್ಸ್ ಪುಟ ಕೊಡುವ ನಿಯಮ ಪುಟಗಳಿಗೆ ಮಾತ್ರ ಇರಲಿ. ಅಸೆಟ್ಸ್ ಫೋಲ್ಡರ್‌ಗೂ ಎಪಿಐ ದಾರಿಗೂ ನೇರವಾಗಿ 404 ಹೋಗಲಿ.

200 ಬಂದಿದೆ, ಅರ್ಥ ತಪ್ಪಿದೆ

ಈಗ ಆ 4500 ಕ್ವಿಂಟಲ್ ವಿಷಯ. ನನ್ನ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ಅಪಾಯದ ದೋಷ. ಬಿಳಿ ಪರದೆ ಬಂದರೆ ಜನ ಫೋನ್ ಮಾಡುತ್ತಾರೆ. ತಪ್ಪು ಅಂಕಿ ಬಂದರೆ ಕೆಲವರು ನಂಬುತ್ತಾರೆ.

ಹಿಂದೆ ಎಪಿಐ 'ತೂಕ' ಅನ್ನುವ ಜಾಗದಲ್ಲಿ ಕ್ವಿಂಟಲ್ ಕೊಡುತ್ತಿತ್ತು. 15 ಕೆಜಿಯ 300 ಬಾಕ್ಸ್ ಇಟ್ಟ ರೈತರಿಗೆ 45 ಅಂತ ಬರುತ್ತಿತ್ತು, ಆ್ಯಪ್ ಅದರ ಮುಂದೆ 'ಕ್ವಿಂಟಲ್' ಅಂತ ಬರೆಯುತ್ತಿತ್ತು. ಲೆಕ್ಕದ ಸಾಫ್ಟ್‌ವೇರ್ ಕಡೆಯವರು ಅದನ್ನು ಕೆಜಿಗೆ ಬದಲಾಯಿಸಿದರು. ಜಾಗದ ಹೆಸರು ಅದೇ, ಅಂಕಿ ಮಾತ್ರ 4500. ಆ್ಯಪ್‌ನಲ್ಲೂ 'ಕೆಜಿ' ಅಂತ ತಿದ್ದಿ ಬಿಡುಗಡೆ ಆಯಿತು. ಯಾವ ಪರೀಕ್ಷೆಯಲ್ಲೂ ದೋಷ ಕಾಣಲಿಲ್ಲ, ಯಾಕೆಂದರೆ ಪರೀಕ್ಷೆಯಲ್ಲಿ ಎರಡೂ ಕಡೆ ಹೊಸದೇ ಇರುತ್ತದೆ.

ತಪ್ಪು ಯಾವ ದಿಕ್ಕಿಗಿದೆ ಅಂತ ನೋಡಿ, ಹಳೆಯದು ಯಾವ ಕಡೆ ಉಳಿದಿದೆ ಅನ್ನುವುದು ಅದರಲ್ಲೇ ಇದೆ. '4500 ಕ್ವಿಂಟಲ್' ಅಂತ ತೋರಿಸಿದರೆ ಕೋಡ್ ಹಳೆಯದು, ಡೇಟಾ ಹೊಸದು. ವರ್ಕರ್ ಕಾಯುತ್ತಾ ನಿಂತಿದೆಯಾ ಅಂತ ನೋಡಲು ಮೇಲಕ್ಕೆ ಹೋಗಿ. '45 ಕೆಜಿ' ಅಂತ ತೋರಿಸಿದರೆ ಕೋಡ್ ಹೊಸದು, ಡೇಟಾ ಹಳೆಯದು. ಎಪಿಐ ಉತ್ತರಗಳನ್ನೂ ವರ್ಕರ್ ಕ್ಯಾಶ್ ಮಾಡಿಟ್ಟಿದೆ. ಮೊದಲು ಹಳೆಯದನ್ನು ತೋರಿಸಿ ಹಿಂದಿನಿಂದ ಹೊಸದನ್ನು ತರಿಸುವ ವಿಧಾನ ಇಟ್ಟಿದ್ದರೆ, ಎರಡನೇ ಸಲ ತೆರೆದಾಗ ಅದು ತಾನಾಗಿಯೇ ಸರಿಹೋಗುತ್ತದೆ. "ಒಮ್ಮೆ ತಪ್ಪು ತೋರಸ್ತದ, ಮತ್ತೊಮ್ಮೆ ಬರೋಬ್ಬರಿ ತೋರಸ್ತದ" ಅಂತ ಯಾರಾದರೂ ಹೇಳಿದರೆ ನಗಬೇಡಿ. ಅವರು ಇಡೀ ರೋಗ ವಿವರಿಸಿಬಿಟ್ಟಿದ್ದಾರೆ.

ಎರಡನೆಯದಕ್ಕೆ ಪರಿಹಾರ ಸುಲಭ. ಎಪಿಐ ಉತ್ತರಗಳ ಕ್ಯಾಶ್‌ಗೆ ಎಪಿಐ ಆವೃತ್ತಿಯ ಹೆಸರನ್ನೇ ಇಡಿ. ಆವೃತ್ತಿ ಬದಲಾದಾಗ ಹಳೆ ಹೆಸರಿನ ಕ್ಯಾಶ್ ಅನ್ನು ಆ್ಯಕ್ಟಿವೇಟ್ ಹಂತದಲ್ಲಿ ಅಳಿಸಿ. ಮೊದಲನೆಯದಕ್ಕೆ ಫೋನ್ ಕಡೆಯಿಂದ ಪೂರ್ತಿ ಪರಿಹಾರ ಇಲ್ಲ. ಹಳೆ ಕೋಡ್ ಈಗಾಗಲೇ ಜನರ ಕೈಯಲ್ಲಿದೆ, ಅದನ್ನು ತಿದ್ದಲು ಬರುವುದಿಲ್ಲ. ಹಾಗಾಗಿ ಒಂದು ಜಾಗದ ಅರ್ಥ ಬದಲಾಯಿಸುವ ಎಪಿಐಯನ್ನು ಒಪ್ಪಿಕೊಳ್ಳಬೇಡಿ. 'ತೂಕ' ಹಾಗೇ ಕ್ವಿಂಟಲ್‌ನಲ್ಲಿ ಇರಲಿ, 'ತೂಕ_ಕೆಜಿ' ಅಂತ ಹೊಸ ಜಾಗ ಸೇರಿಸಿ. ಎಪಿಐ ನಿಮ್ಮ ಕೈಯಲ್ಲಿಲ್ಲವೇ? ನಡುವೆ ನಿಮ್ಮದೇ ಒಂದು ಸಣ್ಣ ಸರ್ವರ್ ಇಟ್ಟು, ಅವರು ಏನೇ ಕೊಟ್ಟರೂ ವಿ1 ದಾರಿಯಲ್ಲಿ ಹಳೆ ಆಕಾರದಲ್ಲಿ, ವಿ2 ದಾರಿಯಲ್ಲಿ ಹೊಸ ಆಕಾರದಲ್ಲಿ ಕೊಡಿ. ಹೊರಗಿನವರ ಎಪಿಐಯನ್ನು ಕ್ಯಾಶ್ ಆಗುವ ಆ್ಯಪ್‌ನಿಂದ ನೇರವಾಗಿ ಕರೆಯುವುದು ನಂತರ ದುಬಾರಿ ಬೀಳುತ್ತದೆ.

ಒಳಗೆ ಕೂತ ಚೀಟಿಗಳು

ಗುಮಾಸ್ತರು ನೆಟ್ ಇಲ್ಲದಾಗ ತುಂಬಿದ ಚೀಟಿಗಳು ಹಳೆ ಆಕಾರದಲ್ಲೇ ಸಾಲಿನಲ್ಲಿ ಕೂತಿರುತ್ತವೆ. ಆ್ಯಪ್ ಹೊಸದಾದರೂ ಅವು ಹಳೆಯವೇ. ಹೊಸ ಎಪಿಐ ಅವುಗಳಿಗೆ 400 ಅಥವಾ 422 (ಕಳಿಸಿದ್ದು ಸರಿಯಿಲ್ಲ) ಹೇಳುತ್ತದೆ. ಈಗ ನಿಮ್ಮ ಕೋಡ್ ಏನು ಮಾಡುತ್ತದೆ? ಮತ್ತೆ ಮತ್ತೆ ಕಳಿಸುತ್ತಲೇ ಇದ್ದರೆ ಮೊದಲ ಚೀಟಿಯ ಹಿಂದೆ ಉಳಿದವೆಲ್ಲ ಸಿಕ್ಕಿಹಾಕಿಕೊಳ್ಳುತ್ತವೆ. ಸೋತಿತು ಅಂತ ಬಿಸಾಡಿದರೆ ರೈತರ ಮಾಲಿನ ಲೆಕ್ಕವೇ ತಪ್ಪುತ್ತದೆ. ವರ್ಕ್‌ಬಾಕ್ಸ್‌ನ (ಸರ್ವಿಸ್ ವರ್ಕರ್ ಬರೆಯಲು ಬಳಸುವ ಲೈಬ್ರರಿಯ) ಬ್ಯಾಕ್‌ಗ್ರೌಂಡ್ ಸಿಂಕ್ ಬಳಸುತ್ತಿದ್ದರೆ ಇದನ್ನೂ ನೆನಪಿಡಿ: ಏನೂ ಹೇಳದಿದ್ದರೆ ಅದು ಕೋರಿಕೆಗಳನ್ನು ಇಟ್ಟುಕೊಳ್ಳುವುದು 7 ದಿನ ಮಾತ್ರ.

ಪ್ರತಿ ಚೀಟಿಯ ಜೊತೆ ಅದು ಯಾವ ಆವೃತ್ತಿಯಲ್ಲಿ ಹುಟ್ಟಿದ್ದು ಅಂತ ಬರೆದಿಡಿ. ಕಳಿಸುವ ಮುಂಚೆ ಹೊಸ ಆಕಾರಕ್ಕೆ ತಿರುಗಿಸಿ. ನೆಟ್ ಹೋದರೆ, 500ರ ಸರಣಿಯ ದೋಷ ಬಂದರೆ ಮತ್ತೆ ಪ್ರಯತ್ನಿಸಿ. 400ರ ಸರಣಿಯಲ್ಲಿ 401, 408 (ಸಮಯ ಮೀರಿತು), 429 (ಕೋರಿಕೆ ಅತಿಯಾಯಿತು) ಬಿಟ್ಟು ಉಳಿದವಕ್ಕೆ ಪ್ರಯತ್ನ ನಿಲ್ಲಿಸಿ, ಆ ಚೀಟಿಯನ್ನು ಪಕ್ಕಕ್ಕಿಟ್ಟು ಪರದೆಯ ಮೇಲೆ ತೋರಿಸಿ. 401 ಬಂದರೆ ಲಾಗಿನ್ ಕೇಳಿ, ಚೀಟಿ ಹಾಗೇ ಇರಲಿ. ಪ್ರತಿ ಚೀಟಿಗೂ ಫೋನಿನಲ್ಲೇ ಒಂದು ಬೇರೆ ಗುರುತು ಸಂಖ್ಯೆ ಕೊಟ್ಟರೆ, ಎರಡು ಸಲ ಹೋದರೂ ಸರ್ವರ್ ಒಂದನ್ನೇ ಬರೆದುಕೊಳ್ಳಬಹುದು.

ಪೂರ್ತಿ ಕೈಮೀರಿದಾಗ

ಹಳೆ ವರ್ಕರ್ ಏನು ಮಾಡಿದರೂ ಜಗ್ಗದಿದ್ದರೆ, ಅದೇ ವಿಳಾಸದಲ್ಲಿ ಒಂದು ಖಾಲಿ ವರ್ಕರ್ ಇಡಿ. ಇನ್‌ಸ್ಟಾಲ್‌ನಲ್ಲಿ ಸ್ಕಿಪ್‌ವೇಟಿಂಗ್, ಆ್ಯಕ್ಟಿವೇಟ್‌ನಲ್ಲಿ ಕ್ಯಾಶ್‌ಗಳನ್ನು ಅಳಿಸಿ ತೆರೆದ ಪುಟಗಳನ್ನು ರಿಲೋಡ್ ಮಾಡುವುದು, ಅಷ್ಟೇ. ಫೆಚ್ ಹ್ಯಾಂಡ್ಲರ್ (ಪುಟದ ಕೋರಿಕೆಗಳನ್ನು ನಡುವೆ ಹಿಡಿದು ಉತ್ತರಿಸುವ ಕೋಡ್) ಬೇಡ. ಎಲ್ಲ ಕೋರಿಕೆಗಳೂ ನೇರ ನೆಟ್‌ಗೆ ಹೋಗುತ್ತವೆ. ಸ್ಕಿಪ್‌ವೇಟಿಂಗ್ ಬೇಡ ಅಂತ ಮೇಲೆ ಹೇಳಿದ್ದಕ್ಕೆ ಇದೊಂದೇ ವಿನಾಯಿತಿ. ಫೈಲನ್ನು ಸರ್ವರ್‌ನಿಂದ ತೆಗೆದು 404 ಕೊಟ್ಟರೆ ಹಳೆಯದು ಹೋಗುತ್ತದೆ ಅಂದುಕೊಳ್ಳಬೇಡಿ, ಅದು ಇದ್ದಲ್ಲೇ ಇರುತ್ತದೆ. ಕ್ಲಿಯರ್-ಸೈಟ್-ಡೇಟಾ ಹೆಡರ್‌ನಲ್ಲಿ 'ಸ್ಟೋರೇಜ್' ಅಂತ ಕೊಟ್ಟರೆ ವರ್ಕರ್ ಜೊತೆ ಇಂಡೆಕ್ಸೆಡ್‌ಡಿಬಿಯೂ ಸಾಫ್. ಚೀಟಿ ಇರುವ ಆ್ಯಪ್‌ನಲ್ಲಿ ಅದನ್ನು ಮುಟ್ಟಬೇಡಿ.

ಐಫೋನ್ ಇರುವವರು ಕಡಿಮೆ, ಆದರೂ ಒಂದು ಮಾತು. ಸಫಾರಿ 13.1ರಿಂದ, ಸಫಾರಿ ಬಳಸಿದ 7 ದಿನ ಆ ಸೈಟನ್ನು ಮುಟ್ಟದಿದ್ದರೆ ಇಂಡೆಕ್ಸೆಡ್‌ಡಿಬಿ, ವರ್ಕರ್ ಎಲ್ಲವನ್ನೂ ಅದೇ ಅಳಿಸುತ್ತದೆ. ಹೋಮ್ ಸ್ಕ್ರೀನ್‌ಗೆ ಸೇರಿಸಿದ ಆ್ಯಪ್‌ಗೆ ಈ ಲೆಕ್ಕ ಅನ್ವಯಿಸದು.

ಹಳೆ ಎಪಿಐ ಯಾವಾಗ ಮುಚ್ಚಬೇಕು

ಆ್ಯಪ್‌ನ ಪ್ರತಿ ಕರೆಯ ಜೊತೆ ಆವೃತ್ತಿ ಸಂಖ್ಯೆಯ ಹೆಡರ್ ಕಳಿಸಿ. ಎಪಿಐ ಬೇರೆ ಡೊಮೈನ್‌ನಲ್ಲಿದ್ದರೆ ಆ ಹೆಡರ್‌ಗೆ ಕಾರ್ಸ್ (ಬೇರೆ ಡೊಮೈನ್‌ನ ಪುಟದಿಂದ ಬರುವ ಕೋರಿಕೆಯ) ಅನುಮತಿಯನ್ನು ಸರ್ವರ್‌ನಲ್ಲಿ ಮೊದಲೇ ಕೊಡಿ. ಇಲ್ಲದಿದ್ದರೆ ಈ ಸುಧಾರಣೆಯೇ ಹೊಸ ದೋಷವಾಗುತ್ತದೆ. ಬಿಡುಗಡೆಯ ಕ್ರಮ ಯಾವಾಗಲೂ ಇದು: ಮೊದಲು ಹಳೆಯದೂ ಹೊಸದೂ ಎರಡೂ ಗೊತ್ತಿರುವ ಸರ್ವರ್, ಆಮೇಲೆ ಹೊಸ ಆ್ಯಪ್, ಕೊನೆಗೆ ಹಳೆ ದಾರಿ ಮುಚ್ಚುವುದು. ಮುಚ್ಚುವ ತಾರೀಖು ಗೊತ್ತಾದ ಮೇಲೆ ವಿ1 ಉತ್ತರಗಳಲ್ಲಿ 'ಸನ್‌ಸೆಟ್' ಹೆಡರ್ ಹಾಕಿ. 2019ರ ಆರ್‌ಎಫ್‌ಸಿ 8594 (ಇಂಟರ್ನೆಟ್‌ನ ತಾಂತ್ರಿಕ ದಾಖಲೆ) ಇರುವುದು ಇದಕ್ಕೇ. ಮುಚ್ಚಿದ ಮೇಲೆ 410 (ಇನ್ನು ಇಲ್ಲ) ಕೊಡಿ, 410 ಬಂದರೆ 'ಆ್ಯಪ್ ಹೊಸದು ಮಾಡಿಕೊಳ್ಳಿ' ಅಂತ ತೋರಿಸುವ ಕೋಡ್ ಈಗಿನ ಆ್ಯಪ್‌ನಲ್ಲೇ ಇರಲಿ.

ಲಾಗ್‌ನಲ್ಲಿ ಹಳೆ ಆವೃತ್ತಿಯ ಕರೆಗಳು ಸೊನ್ನೆಗೆ ಬಂದವು ಅಂತ ಜೂನ್‌ನಲ್ಲಿ ಕಂಡರೂ ಅವಸರ ಮಾಡಬೇಡಿ. ಆಗ ಆ್ಯಪ್ ತೆರೆಯುವವರು ಗುಮಾಸ್ತರು ಮಾತ್ರ. ಎಷ್ಟೋ ರೈತರು ಆ್ಯಪ್ ತೆರೆಯುವುದು ಮಾಲು ಒಣಗಿ ಸ್ಟೋರೇಜ್‌ಗೆ ಬಂದಾಗ, ಅಂದರೆ ವರ್ಷಕ್ಕೊಮ್ಮೆ. ಮುಂದಿನ ಸುಗ್ಗಿಯಲ್ಲಿ ಅವರು ಐಕಾನ್ ಒತ್ತಿದ ಮೊದಲ ಸಲ ಕ್ಯಾಶ್‌ನಲ್ಲಿರುವ ಹಳೆ ಕೋಡೇ ಏಳುತ್ತದೆ, ವಿ1ನ್ನೇ ಕೇಳುತ್ತದೆ. ಹೊಸದು ಕೈಗೆ ಸಿಗುವುದು ಎರಡನೇ ಸಲ. ಹಾಗಾಗಿ ಫೆಬ್ರುವರಿಯಿಂದ ಮೇವರೆಗಿನ ಒಂದು ಸುಗ್ಗಿ ಪೂರ್ತಿ ದಾಟಲಿ, ಆಗಲೂ ಲಾಗ್‌ನಲ್ಲಿ ವಿ1 ಕರೆ ಬಾರದಿದ್ದರೆ ತೆಗೆಯಿರಿ.